ಅಮ್ಮನ ಇಂಗ್ಲಿಷಿಗೆ ನನ್ನ ಇಂಗ್ಲಿಷು

ಆಗೆಲ್ಲ ಅಡಿಲೇಡಿನಲ್ಲಿ ಕನ್ನಡದವರು ಸಿಗುವುದೇ ಅಪರೂಪ. ಅಂಗಡಿಯಲ್ಲಿ ಯಾರಾದರೂ ‘ಅಯ್ಯೋ’ ಅಂದರೆ ಸಾಕು, ಅಪ್ಪ ಹೋಗಿ ಮಾತಾಡಿಸಿ ಊಟಕ್ಕೆ ಕರೆದೇ ಬಿಡುತ್ತಿದ್ದರು. ತೊಂಬತ್ತರ ದಶಕದ ಮಾತು. ಮೈಸೂರು ಬಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ, ನನಗೆ ಒಂಬತ್ತು ವರ್ಷ. ಕಿಲ್ಬರ್ನ್ ಬಡಾವಣೆಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಹಿಪ್ಪುನೇರಳೆ ಮರವಿತ್ತು. ಬೇಸಿಗೆ ಶುರುವಾದರೆ ನನ್ನ ಬಾಯಿ, ಬೆರಳು, ಫ್ರಾಕು ಎಲ್ಲಾ ಅದರ ಹಣ್ಣಿನದೇ ಬಣ್ಣ.

ಅಪ್ಪ ಕಾರ್ಖಾನೆಯಲ್ಲಿ ಇಂಜಿನಿಯರ್. ಅಮ್ಮ ಮೈಸೂರಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದವಳು, ಇಲ್ಲಿ ಕೆಲಸವಿಲ್ಲದೆ ಒದ್ದಾಡುತ್ತಿದ್ದಳು. ಯುದ್ಧದ ಕಾಲದ ಇಂಗ್ಲೆಂಡಿನ ಲೇಖಕಿಯೊಬ್ಬರೆಂದರೆ ಅವಳಿಗೆ ಪ್ರಾಣ. ಅವರು ಬರೆದ ಕಾದಂಬರಿ, ವಿಮರ್ಶೆ ಒಂದನ್ನೂ ಬಿಡದೆ ಓದಿದ್ದಳು. ‘ನಮ್ಮ ಮೇಡಂ’ ಅಂತಲೇ ಕರೆಯುತ್ತಿದ್ದಳು, ಪಕ್ಕದ ಬೀದಿಯವರ ಹಾಗೆ. ಒಗ್ಗರಣೆ ಹಾಕುತ್ತಾ ನನಗೆ ಮೇಡಂ ಕತೆ ಹೇಳುವಳು. ಒಬ್ಬಳು ಹೆಂಗಸು ಟೀ ಮಾಡುತ್ತಾಳೆ, ಗಂಡ ಬರುತ್ತಾನೆ, ಅವಳು ಎದ್ದು ಕಿಟಕಿ ಮುಚ್ಚುತ್ತಾಳೆ.

“ಆಮೇಲೆ?”

“ಆಮೇಲೆ ಏನೂ ಇಲ್ಲ ಕಣೇ. ಅವಳು ಹೇಳ್ಬೇಕು ಅಂದ್ಕೊಂಡಿದ್ದನ್ನ ಹೇಳ್ಲಿಲ್ಲ. ಅಷ್ಟೇ ಕತೆ.”

ಥೂ, ಇದೊಂದು ಕತೆಯಾ ಅಂತ ನಾನು ಹಿತ್ತಲಿಗೆ ಓಡುತ್ತಿದ್ದೆ.

ಲೈಬ್ರರಿಯಲ್ಲಿ ಹೆಂಗಸರ ಓದುವ ಗುಂಪೊಂದಿತ್ತು. ಆ ಸಲ ಅವರು ಆರಿಸಿಕೊಂಡಿದ್ದು ಮೇಡಂ ಕಾದಂಬರಿಯನ್ನೇ. ಗುಂಪು ನಡೆಸುತ್ತಿದ್ದ ಮಾರ್ಗರೆಟ್ ಆಂಟಿ ಕಾಲೇಜಿನಲ್ಲಿ ಪಾಠ ಮಾಡುವವರು. ಅಮ್ಮ ಆ ಕಾದಂಬರಿಯ ಬಗ್ಗೆ ಬರೆದಿದ್ದ ಕಾಗದ ಓದಿ ಬೆರಗಾಗಿ, ‘ಗುಂಪಿನ ಮುಂದೆ ಬಂದು ಮಾತಾಡಿ, ಚೆನ್ನಾಗಿ ಆದರೆ ನಮ್ಮ ಕಾಲೇಜಿನಲ್ಲಿ ಕೆಲಸಕ್ಕೆ ನಿಮ್ಮ ಹೆಸರು ಹೇಳುತ್ತೇನೆ’ ಎಂದು ಉತ್ತರ ಬರೆದಿದ್ದರು. ಅಮ್ಮನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆ ಸುಡುಬಿಸಿಲಲ್ಲಿ ಮೈಸೂರು ಸಿಲ್ಕ್ ಉಟ್ಟು, ಡಬ್ಬಿ ತುಂಬ ಕೋಡುಬಳೆ ಕರಿದುಕೊಂಡು ಹೊರಟಳು. ಮನೆಯಲ್ಲಿ ನನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ನಾನೂ ಹೋದೆ.

ಅಮ್ಮ ಎದ್ದು ನಿಂತು ಶುರು ಮಾಡಿದಳು. ಎಷ್ಟು ಚೆಂದ ಕಾಣುತ್ತಿದ್ದಳು! ಎರಡು ನಿಮಿಷವೂ ಆಗಿರಲಿಲ್ಲ, ಒಬ್ಬರು “ಸಾರಿ, ಲವ್?” ಅಂದರು, ಅರ್ಥವಾಗಲಿಲ್ಲ ಅನ್ನುವುದಕ್ಕೆ; ಇಲ್ಲಿ ಗುರುತಿಲ್ಲದವರನ್ನೂ ‘ಲವ್’ ಅಂತಲೇ ಕರೆಯುವುದು. ಅಮ್ಮ ಮತ್ತೆ ನಿಧಾನವಾಗಿ ಹೇಳಿದಳು. ಇನ್ನೊಬ್ಬರು ಕಿವಿಗೆ ಕೈ ಇಟ್ಟುಕೊಂಡರು. ಅಮ್ಮ ಜೋರಾಗಿ ಹೇಳಿದಳು. ಕೊನೆಗೆ ಮಾರ್ಗರೆಟ್ ಆಂಟಿ, ಮೂಲೆಯಲ್ಲಿ ಕೇಕು ತಿನ್ನುತ್ತಿದ್ದ ನನ್ನ ಕಡೆ ತಿರುಗಿ, “ಮಮ್ ಏನು ಹೇಳ್ತಿದ್ದಾರೆ, ಡಾರ್ಲಿಂಗ್?” ಎಂದು ಕೇಳಿದರು.

ಅಮ್ಮ ಹೇಳುತ್ತಿದ್ದದ್ದು ಇಂಗ್ಲಿಷೇ! ನಾನು ಹೇಳಬೇಕಾಗಿದ್ದೂ ಇಂಗ್ಲಿಷೇ! ಆದರೆ ಅಷ್ಟರಲ್ಲಿ ಇಲ್ಲಿನ ಸ್ಕೂಲು ನನ್ನ ನಾಲಿಗೆಯನ್ನು ಅವರ ಉಚ್ಚಾರಕ್ಕೆ ತಿರುಗಿಸಿಬಿಟ್ಟಿತ್ತು.

ಅಮ್ಮ ನನ್ನ ಕಡೆ ಬಗ್ಗಿದಳು. ಹಣೆಯ ಬೆವರಿಗೆ ಕುಂಕುಮ ಇಳಿಯುತ್ತಿತ್ತು. “ಹೇಳು ಪುಟ್ಟಿ. ನಾನು ಹೇಳಿದ್ನಲ್ಲ, ಅದನ್ನೇ ಹೇಳ್ಬಿಡು.”

ಏನಂತ ಹೇಳಲಿ? ಒಂದೊಂದು ಪದವೂ ಕೇಳಿಸಿತ್ತು, ಎಲ್ಲಾ ಸೇರಿ ಏನು ಅಂತ ಗೊತ್ತಾಗಿರಲಿಲ್ಲ. ಅಮ್ಮನಿಗೆ ಸಿಗಬೇಕಾದ ಕೆಲಸ ಕೈತಪ್ಪುತ್ತೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು.

“ಮಮ್ ಹೇಳ್ತಾಳೆ... ಆ ಲೇಡಿ ಏನೂ ಹೇಳ್ಲಿಲ್ಲ ಅಂತ. ವೆರಿ ಸ್ಯಾಡ್ ಅಂತೆ.”

“ಓಹ್, ಲವ್ಲಿ!” ಅಂದರು ಎಲ್ಲರೂ. ಅಮ್ಮ ಕುಳಿತುಬಿಟ್ಟಳು.

ಆಮೇಲೆ ಡಬ್ಬಿ ತೆರೆದರು. ಅಕ್ಕಿ ಹಿಟ್ಟು ಎಷ್ಟು, ಕೊಬ್ಬರಿ ಎಷ್ಟು, ಎಣ್ಣೆ ಎಷ್ಟು ಕಾಯಬೇಕು, ಅಮ್ಮ ಹೇಳಿದ್ದೆಲ್ಲ ಈಗ ಸಲೀಸಾಗಿ ಅರ್ಥವಾಯಿತು ಅವರಿಗೆ! ಒಬ್ಬರಂತೂ ಬರೆದುಕೊಂಡರು. ಆ ದರಿದ್ರ ಕೋಡುಬಳೆಯನ್ನು ನಾನು ಇವತ್ತಿಗೂ ಮುಟ್ಟುವುದಿಲ್ಲ.

ಹಿಂದಿರುಗುವಾಗ ಕಾದ ಟಾರಿನ ವಾಸನೆ, ನೀಲಗಿರಿ ಎಲೆಯ ವಾಸನೆ. “ಅಮ್ಮಾ, ಕೆಲಸ ಸಿಗತ್ತಾ?” ಅಂದೆ. “ಟೋಪಿ ಹಾಕ್ಕೋ, ಬಿಸ್ಲು” ಅಂದಳು.

ಕೆಲಸ ಸಿಗಲಿಲ್ಲ. ಮುಂದಿನ ಸಭೆಗೆ ಕೋಡುಬಳೆ ತರುತ್ತೀರಾ ಎಂದು ಫೋನು ಬಂತು. ಅಮ್ಮ ಹೋಗಲಿಲ್ಲ. ಮುಂದೆ ಶಾಲೆಯೊಂದರ ಕ್ಯಾಂಟೀನ್ ಸೇರಿ, ಅಲ್ಲಿಯೇ ರಿಟೈರ್ ಆದಳು. ಒಗ್ಗರಣೆ ಹಾಕುವಾಗ ಮೇಡಂ ಸುದ್ದಿ ಮತ್ತೆ ಎತ್ತಲಿಲ್ಲ.

ದೊಡ್ಡವಳಾದ ಮೇಲೆ ಮೇಡಂ ಪುಸ್ತಕಗಳನ್ನೆಲ್ಲ ಓದಿದೆ. ಈಗ ಗಂಟೆಗಟ್ಟಲೆ ಮಾತಾಡಬಲ್ಲೆ, ಯಾರೂ “ಸಾರಿ, ಲವ್?” ಅನ್ನುವುದಿಲ್ಲ. ಆದರೆ ಅಮ್ಮ ಅವತ್ತು ಹೇಳಿದ್ದೇನು ಅನ್ನುವುದು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಮೊನ್ನೆ ತಡೆಯಲಾರದೆ ಅವಳನ್ನೇ ಕೇಳಿದೆ.

ಅಮ್ಮ ಬಟಾಣಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಡೋಂಟ್ ವರಿ ಅಬೌಟ್ ಇಟ್, ಲವ್” ಅಂದಳು, ಇಲ್ಲಿಯವರದೇ ಧಾಟಿಯಲ್ಲಿ.

ಎಷ್ಟು ಸ್ಪಷ್ಟವಾಗಿತ್ತು ಆ ಇಂಗ್ಲಿಷು! ಯಾರಿಗೆ ಬೇಕಾದರೂ ಅರ್ಥವಾಗುತ್ತಿತ್ತು.