ಕಾಟಾದ ಕುರ್ಚಿ

ನನಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ, ತೆಲುಗು ಬರುತ್ತದೆ. ಹೊಸಪೇಟೆಯಲ್ಲಿ ನನ್ನ ಹತ್ತಿರ ಟೈಪಿಂಗ್, ಆಮೇಲೆ ಕಂಪ್ಯೂಟರ್ ಕಲಿತವರಿಗೆಲ್ಲ ಇದು ಗೊತ್ತಿರುವ ವಿಷಯ. ಗಾದಿಗನೂರಿನಾಚೆಯ ಒಂದು ಊರಿನ ಹೆಂಗಸರಿಗೆ ಬಿಟ್ಟಿಯಾಗಿ ಕಂಪ್ಯೂಟರ್ ಕಲಿಸಲು ನಾನು ಒಪ್ಪಿಕೊಂಡಾಗ ನಮ್ಮ ಯಜಮಾನರು, "ಆ ಊರಾಗ ತೆಲುಗು ತಿಳಿಯೋರು ಕಡಿಮಿ, ಪುಣ್ಯ" ಎಂದಿದ್ದರು.

ಕಂಪ್ಯೂಟರ್‌ಗಳು ನಾಲ್ಕು. ಯಾವುದೋ ಕಚೇರಿಯವರು ಹೊಸವನ್ನು ತರಿಸಿಕೊಂಡು ಕೈಬಿಟ್ಟ ಹಳೆಯವು. ಊರಿನಲ್ಲಿ ಕರೆಂಟು, ಫ್ಯಾನು, ಬೀಗ ಮೂರೂ ಸರಿಯಾಗಿದ್ದ ಜಾಗ ಎಂದರೆ ಊರಮ್ಮನ ಗುಡಿಯ ಆವರಣದೊಳಗಿನ ಸಮುದಾಯ ಭವನ. ಗುಡಿಯ ಪೂಜಾರಿ ಅಜ್ಜ ತಾನಾಗಿಯೇ ಬಂದು ಬೀಗದ ಕೈ ಕೊಟ್ಟ. "ಮದುವಿ ಇದ್ದ ದಿನ ಒಂದು ಬಿಟ್ಟು ಎಲ್ಲಾ ದಿನ ನಿಮ್ದ ರಿ. ಚಪ್ಲಿ ಮಾತ್ರ ಹೊರಗ ಬಿಡ್ರಿ" ಎಂದ. ಅಷ್ಟು ದೊಡ್ಡ ಮನಸ್ಸಿನವನ ಜೊತೆ ಮುಂದೊಂದು ದಿನ ಜಗಳಕ್ಕೆ ನಿಲ್ಲುತ್ತೇನೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಮಧ್ಯಾಹ್ನ ಊಟ, ಪಾತ್ರೆ ಮುಗಿಸಿ ಹತ್ತು ಹನ್ನೆರಡು ಮಂದಿ ಬರುತ್ತಿದ್ದರು. ರೊಟ್ಟಿ ಬಡಿದ ಕೈಗಳು ಕೀಲಿಗಳನ್ನೂ ಬಡಿಯುತ್ತಿದ್ದವು. "ಮೆಲ್ಲಗ, ಮೆಲ್ಲಗ, ಅದೇನು ಜೋಳದ ಹಿಟ್ಟಲ್ಲ" ಎಂದು ನಾನು ಕೂಗುವುದು, ಅವರು ನಗುವುದು. ರಸ್ತೆಯಲ್ಲಿ ಅದಿರಿನ ಲಾರಿ ಹೋದಾಗಲೆಲ್ಲ ಕೆಂಧೂಳು ಒಳಗೆ ಬಂದು ಪರದೆಯ ಮೇಲೆ ಕೂರುತ್ತಿತ್ತು. ಸೆರಗಿನ ತುದಿಯಿಂದ ಒರೆಸಿಕೊಂಡು ಮತ್ತೆ ಶುರು ಮಾಡುತ್ತಿದ್ದರು.

ಆದರೆ ತಿಂಗಳಿಗೊಮ್ಮೆ ಒಬ್ಬೊಬ್ಬರೂ ಸರದಿ ಹಚ್ಚಿದವರಂತೆ ಕಾಣೆಯಾಗುತ್ತಿದ್ದರು. ಕಾರಣ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನೂ ಹೆಂಗಸೇ. ನಮ್ಮದು ವೈಷ್ಣವರ ಮಡಿಯ ಮನೆ, ಮದುವೆಯಾದ ಹೊಸದರಲ್ಲಿ ಮುಟ್ಟಾದಾಗ ಹಿತ್ತಲ ಕಡೆ ಚಾಪೆ ಹಾಸಿಕೊಂಡು ಕೂತವಳೇ. ಈಗ ನಮ್ಮಲ್ಲಿ ಅದನ್ನೆಲ್ಲ ಬಿಟ್ಟಿದ್ದೇವೆ. ಇಲ್ಲಿ ಗುಡಿಯ ಗೇಟು ದಾಟುವಂತಿರಲಿಲ್ಲ, ಭವನ ಗೇಟಿನೊಳಗಿತ್ತು. ಹೋಗಲಿ ಬಿಡು, ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಕಲಿಯುತ್ತಾರೆ ಎಂದು ಸುಮ್ಮನಿದ್ದೆ.

ಸುಮ್ಮನಿರಲು ಬಿಡದಂತೆ ಮಾಡಿದವಳು ಸಂಡೂರಾಕಿ. ಆ ಊರಿನಲ್ಲಿ ಸೊಸೆಯಂದಿರನ್ನು ತವರಿನಿಂದಲೇ ಕರೆಯುವುದು. ಕಂಪ್ಲಿಯಿಂದ ಬಂದವಳು ಕಂಪ್ಲ್ಯಾಕಿ, ಸಂಡೂರಿನ ಕಡೆಯಿಂದ ಬಂದವಳು ಸಂಡೂರಾಕಿ. ಈಕೆ ಎಸ್ಸೆಸ್ಸೆಲ್ಸಿ ಪಾಸಾದವಳು. ಮದುವೆಗೆ ಮುಂಚೆ ತವರಿನಲ್ಲಿ ಅದಿರಿನ ಬುಟ್ಟಿ ಹೊತ್ತಿದ್ದಳು, ಮದುವೆಯಾದ ಮೇಲೆ ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ. ಗಂಡ ಟಿಪ್ಪರ್ ಡ್ರೈವರ್. ನನ್ನ ತರಗತಿಯಲ್ಲಿ ಕಡಿಮೆ ನಗುತ್ತಿದ್ದವಳು ಇವಳೊಬ್ಬಳೇ, ಬಂದವಳೇ ಕೆಲಸಕ್ಕೆ ಕೂರುತ್ತಿದ್ದಳು.

ಹೆದ್ದಾರಿಯ ಮೇಲೆ ಅದಿರಿನ ಒಂದು ಯಾರ್ಡ್ ಇದೆ. ಅದರ ಬಾಗಿಲಲ್ಲೇ ಲಾರಿ ತೂಗುವ ವೇಬ್ರಿಜ್, ಲಾರಿಯವರ ಬಾಯಲ್ಲಿ ಕಾಟಾ. ಲಾರಿ ಬಂದು ಉಕ್ಕಿನ ಹಾಸಿನ ಮೇಲೆ ನಿಲ್ಲುತ್ತದೆ, ಕೋಣೆಯೊಳಗೆ ಕೂತವರು ಕಂಪ್ಯೂಟರ್‌ನಲ್ಲಿ ಗಾಡಿಯ ನಂಬರು, ಡ್ರೈವರ್ ಹೆಸರು, ತೂಕ ಎಲ್ಲ ಹಾಕಿ ಚೀಟಿ ಕೊಡುತ್ತಾರೆ. ಅಲ್ಲಿ ಹಗಲು ಪಾಳಿಯ ಕುರ್ಚಿ ಖಾಲಿಯಾಗಿತ್ತು. ಸಂಡೂರಾಕಿ ಯಾರನ್ನೂ ಕೇಳದೆ ಹೋಗಿ ಮ್ಯಾನೇಜರ್ ಎದುರು ನಿಂತು, ನನಗೆ ಕೊಡಿ ಎಂದಿದ್ದಳು. ಅವನು ಮೊದಲು ನಕ್ಕನಂತೆ. ಆಮೇಲೆ, "ಸೋಮವಾರ ಬಾ. ಒಂದು ದಿನ ಕುಂತು ತೋರ್ಸು. ಲಾರಿ ಸಾಲು ನಿಂತ್ರ ಎದ್ದು ಹೋಗು, ಮತ್ತ ಕೇಳಬ್ಯಾಡ" ಎಂದನಂತೆ.

"ನಿಮ್ಮ ಯಜಮಾನ್ರು ಏನಂತಾರ?" ಎಂದು ಕೇಳಿದೆ.

"ಕಾಟಾದಾಗ ಹೆಂಗ್ಸು ಕುಂತ್ರ ಡ್ರೈವರ್‌ಗಳು ನಗ್ತಾರ ಅಂತಾರ ರಿ" ಎಂದಳು. ಪರದೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ ಮತ್ತೆ ಹೇಳಿದಳು: "ನಾ ಹೊತ್ತದ್ದನ್ನ ಯಾವನೋ ಕುಂತು ತೂಗ್ತಿದ್ದ ಅಕ್ಕಾರ. ಈಗ ನಾ ಕುಂತು ತೂಗ್ಬೇಕು."

ಮಾರನೆಯ ದಿನವೇ ಹೊಸಪೇಟೆಯಲ್ಲಿ ಪರಿಚಯದವರೊಬ್ಬರ ಕಾಟಾಕ್ಕೆ ಹೋಗಿ, ತೂಕದ ಸಾಫ್ಟ್‌ವೇರ್‌ನ ಅಭ್ಯಾಸದ ಪ್ರತಿಯನ್ನು ಪೆನ್ ಡ್ರೈವ್‌ಗೆ ಹಾಕಿಸಿಕೊಂಡು ಬಂದು ನಮ್ಮ ಒಂದು ಕಂಪ್ಯೂಟರ್‌ಗೆ ಏರಿಸಿದೆ. ಬುಧವಾರ ಒಂದು ಸಲ ತೋರಿಸಿದೆ. ಖಾಲಿ ಗಾಡಿಯ ತೂಕ ಎಲ್ಲಿ, ತುಂಬಿದ ಗಾಡಿಯದು ಎಲ್ಲಿ, ನಡುವೆ ತಪ್ಪಿದರೆ ಹಿಂದಕ್ಕೆ ಬರುವುದು ಹೇಗೆ. ಅವಳ ಕೈ ಇನ್ನೂ ತಡವರಿಸುತ್ತಿತ್ತು. ನಾಲ್ಕು ದಿನ ಬಿಡದೆ ಕೂತರೆ ಹಿಡಿತ ಬರುತ್ತದೆ ಎಂದುಕೊಂಡೆ.

ಗುರುವಾರ ಬಸ್ಸಿಳಿದು ಬಂದರೆ ಸಂಡೂರಾಕಿ ಗುಡಿಯ ಗೇಟಿನಾಚೆ, ಓಣಿಯ ಆ ಬದಿಯ ತನ್ನ ಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿದರೇ ಗೊತ್ತಾಯಿತು.

"ಬರಾಕ ಆಗಂಗಿಲ್ಲ ಅಕ್ಕಾರ. ಹೊರಗಾಗೀನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆ ಎಂದು ಹೇಳಲೂ ಬರದಂಥ ಸಿಟ್ಟು. ಹತ್ತಿರ ಹೋಗಿ ದನಿ ತಗ್ಗಿಸಿ, "ಸುಮ್ನ ಬಾ ಒಳಗ. ಯಾರಿಗೆ ಗೊತ್ತಾಗ್ತದ?" ಎಂದೆ.

"ನನಗ ಗೊತ್ತಿರ್ತದಲ್ರೀ" ಎಂದಳು.

ದೇವಿಯೂ ಹೆಣ್ಣೇ ಅಲ್ಲವೇ ಎಂದು ಉಪನ್ಯಾಸ ಕೊಡಬಹುದಿತ್ತು, ಆದರೆ ಸೋಮವಾರದೊಳಗೆ ಅವಳ ನಂಬಿಕೆ ಬದಲಿಸುವುದು ನನ್ನ ಸಿಲೆಬಸ್ಸಿನಲ್ಲಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಅಳು ಮಾತ್ರ ಹೊರಗೆ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಅವಳ ಅತ್ತೆ ಬಾಯಿ ತೆರೆದಳು. ಊರೆಲ್ಲ ಹೆದರುವ ಬಾಯಿ ಅದು. ಈಗ ಈ ಮುದುಕಿ ಏನು ಕಲ್ಲು ಹಾಕುತ್ತಾಳೋ ಎಂದುಕೊಂಡೆ.

"ಆಕಿ ಒಳಗ ಬರಬಾರ್ದು, ಖರೆ. ಆ ಡಬ್ಬಿ ಹೊರಗ ಬರಬಾರ್ದು ಅಂತ ಯಾವ ಶಾಸ್ತ್ರದಾಗ ಐತಿ?"

ಇಷ್ಟು ವರ್ಷ ಪಾಠ ಹೇಳಿದ ನನ್ನ ತಲೆಗೆ ಅದು ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಸಾಫ್ಟ್‌ವೇರ್ ಇದ್ದ ಕಂಪ್ಯೂಟರ್ ಓಣಿ ದಾಟಿ ಕಟ್ಟೆಯ ಮೇಲೆ ಕೂತಿತು. ಮುದುಕಿಯ ಮನೆಯೊಳಗಿಂದ ವೈರ್ ಎಳೆದೆವು. ಪೂಜಾರಿ ಅಜ್ಜ ಗೇಟಿನಲ್ಲಿ ನಿಂತು ನೋಡಿದ, ಬೇಡ ಎನ್ನಲಿಲ್ಲ. "ತಿರುಗಿ ಒಳಗ ತರೋ ಮುಂದ ನನಗ ಒಂದು ಮಾತು ಹೇಳ್ರಿ" ಎಂದಷ್ಟೇ ಹೇಳಿದ. ಸಂಡೂರಾಕಿ ಸಂಜೆಯವರೆಗೂ ಕೂತು ಇಲ್ಲದ ಲಾರಿಗಳನ್ನು ಒಂದರ ಹಿಂದೊಂದು ತೂಗಿದಳು. ದನ ಹೊಡೆದುಕೊಂಡು ಬಂದವರೆಲ್ಲ ನಿಂತು ನೋಡಿ ಹೋದರು.

ಕತ್ತಲಾಗುವ ಮುಂಚೆ ಕಂಪ್ಯೂಟರನ್ನು ಒಳಗಿಟ್ಟು ಬೀಗ ಹಾಕಬೇಕಿತ್ತು. ಕಟ್ಟೆಯ ಮೇಲೆ ಬಿಟ್ಟು ಹೋದರೆ ಬೆಳಿಗ್ಗೆ ವೈರೂ ಇರುವುದಿಲ್ಲ. ಮಾತು ಕೊಟ್ಟಂತೆ ಅಜ್ಜನಿಗೆ ಹೇಳಿದೆ. ಗೇಟಿನ ಹತ್ತಿರ ತಡೆದು ನಿಲ್ಲಿಸಿ, "ಒಂದ ನಿಮಿಷ" ಎಂದು ಗುಡಿಯೊಳಗೆ ಹೋದ. ನಾನು ಮಾನಿಟರಿನ ವೈರು ಸುತ್ತಿಕೊಳ್ಳುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಅಜ್ಜ ಅರಿಶಿನ ಕಲೆಸಿದ ನೀರಿನ ತಂಬಿಗೆಯಲ್ಲಿ ಬೇವಿನ ಸೊಪ್ಪು ಅದ್ದಿ, ಭಕ್ತಿಯಿಂದ, ಕೈ ಬಿಚ್ಚಿ, ಕೀಬೋರ್ಡಿನ ಮೇಲೂ ಸಿಪಿಯು ಮೇಲೂ ಚಿಮುಕಿಸಿಯೇ ಬಿಟ್ಟಿದ್ದ. ಮೈಲಿಗೆಯಾದದ್ದು ಒಳಗೆ ಬರುವಾಗ ಶುದ್ಧ ಮಾಡುವುದು ಅವನು ಚಿಕ್ಕಂದಿನಿಂದ ಮಾಡುತ್ತ ಬಂದ ಕೆಲಸ. ಹಿತ್ತಾಳೆಯ ಕೊಡಕ್ಕೆ ಮಾಡಿದ್ದನ್ನು ಕಂಪ್ಯೂಟರ್‌ಗೂ ಮಾಡಿದ.

ಆಗ ನನಗೆ ತೆಲುಗು ಬಂತು. ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಕನ್ನಡಕ್ಕೆ ಮರಳಿ, "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಸುಳ್ಳಲ್ಲ ನೋಡ್ರಿ" ಎಂದೆ. ಅಜ್ಜ ತಂಬಿಗೆ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದ.

ಶುಕ್ರವಾರ ನೋಡಿದರೆ ಸಿಪಿಯು ಬದುಕಿತ್ತು, ಕೀಬೋರ್ಡ್ ಸತ್ತಿತ್ತು. ಒಂದು ಕೀಲಿ ಒತ್ತಿದರೆ ಅದೇ ಅಂಕಿ ಸಾಲುಗಟ್ಟಿ ಓಡುತ್ತಿತ್ತು. ಅಜ್ಜ ಬಗ್ಗಿ ಬಗ್ಗಿ ನೋಡಿ, "ತೀರ್ಥ ಬಿದ್ದು ಕೆಟ್ಟದ್ದನ್ನ ನಾ ಇದ ಮೊದ್ಲು ನೋಡಿದ್ದು" ಎಂದ. ಭಾಳ ನೊಂದಿದ್ದ. ಗುಡಿಯ ಮೆಟ್ಟಿಲ ಮೇಲೆ ಕೂತು ಏನೋ ಯೋಚನೆ ಮಾಡಿದ. ನಾನು ಇನ್ನೊಂದು ಕಂಪ್ಯೂಟರಿನ ಕೀಬೋರ್ಡ್ ಬಿಚ್ಚುತ್ತಿದ್ದಾಗ ಎದ್ದು ಬಂದ.

"ನೋಡ್ರಿ ಅಕ್ಕಾರ, ಗುಡಿಯಾಗ ಇದ್ದದ್ದಕ್ಕ ತೀರ್ಥ ಸೇರ್ಬೇಕು. ಇದಕ್ಕ ಸೇರಂಗಿಲ್ಲ. ಸೇರಲಾರದ್ದು ಗುಡಿಯಾಗ ಇರೋದ ಬ್ಯಾಡ. ನಾಲ್ಕನ್ನೂ ಹೊರಗ ಒಯ್ರಿ. ಹೆಣ್ಮಕ್ಳು ಯಾವಾಗ ಬೇಕಾದ್ರ ಅವಾಗ ಮುಟ್ಲಿ, ನನಗೂ ಚಿಂತಿ ಇಲ್ಲ, ಅಮ್ಮನಿಗೂ ಇಲ್ಲ." ಆಮೇಲೆ ನಿನ್ನೆಯ ಗಾದೆ ನೆನಪಾಗಿ, "ಪೂಜಾರಿ ಕೊಟ್ಟಾನ, ತಗೊಂಡ್ ಹೋಗ್ರಿ" ಎಂದು ನಕ್ಕ.

ಎಲ್ಲಿಗೆ ಒಯ್ಯುವುದು? ಅದಕ್ಕೂ ಉತ್ತರ ಕಟ್ಟೆಯ ಮೇಲಿಂದಲೇ ಬಂತು. "ನಮ್ಮ ಪಡಸಾಲ್ಯಾಗ ಇಡ್ರಿ. ಅಡಿಗಿ ಮನಿ, ದೇವರ ಮನಿ ಒಳಗ ಅದಾವ. ಪಡಸಾಲಿಗೆ ಯಾವ ಮುಟ್ಟೂ ಇಲ್ಲ, ಮೈಲಿಗಿನೂ ಇಲ್ಲ" ಎಂದಳು ಮುದುಕಿ. ಹಾಗೆಂದವಳು ಶೇಂಗಾ ಚೀಲಗಳನ್ನು ತಾನೇ ಎಳೆಯತೊಡಗಿದಳು.

ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. ಆಟೋ ಕರೆಸುತ್ತೇನೆ ಎಂದೆ, ಓಣಿ ದಾಟಲು ಆಟೋನಾ ಎಂದು ನಕ್ಕರು. ಹಳೆ ಸೀರೆ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ಒಬ್ಬಳು ಸಿಪಿಯು ಹೊತ್ತಳು, ಇನ್ನೊಬ್ಬಳು ಮಾನಿಟರ್ ಹೊತ್ತಳು. ಟೇಬಲ್ಲುಗಳೂ ತಲೆಯ ಮೇಲೆಯೇ. ಕೈ ಬಿಟ್ಟು, ಸೊಂಟ ನೆಟ್ಟಗೆ, ಒಬ್ಬರ ಹಿಂದೊಬ್ಬರು ಗುಡಿಯ ಗೇಟಿನಿಂದ ಹೊರಬಂದರು. ಪೂಜಾರಿ ಅಜ್ಜ ಗೇಟಿನ ಎರಡೂ ಬಾಗಿಲು ತೆರೆದು ಹಿಡಿದಿದ್ದ. ಸಂಡೂರಾಕಿ ಕಟ್ಟೆಯ ಮೇಲೆ ನಿಂತು, ಯಾವುದು ಎಲ್ಲಿ ಎಂದು ಕೈ ಮಾಡಿ ತೋರಿಸುತ್ತಿದ್ದಳು. ನನಗೆ ಹೆಮ್ಮೆ ಉಕ್ಕಿ ಬಂತು. ಅದೇ ಹೊತ್ತಿಗೆ ಮಾನಿಟರ್ ಬಿದ್ದರೆ ಎಂಬ ಭಯವೂ ಇತ್ತು. ಏನೂ ಬೀಳಲಿಲ್ಲ.

ಶುಕ್ರವಾರ ಉಳಿದದ್ದು, ಶನಿವಾರ, ಭಾನುವಾರ. ಉಳಿದ ಹೆಂಗಸರು ಲಾರಿಗಳಾದರು. ಒಬ್ಬೊಬ್ಬರೇ ಪಡಸಾಲೆಯ ಬಾಗಿಲಲ್ಲಿ ಬಂದು ನಿಂತು ಒಂದು ನಂಬರು ಕೂಗುವುದು, ಇವಳು ಚೀಟಿ ತೆಗೆಯುವುದು. ಕೆಲವರು ಬೇಕಂತಲೇ ತಪ್ಪು ನಂಬರು ಹೇಳಿ ಆಮೇಲೆ ತಿದ್ದುತ್ತಿದ್ದರು. ಅತ್ತೆಯಂತೂ ಬಾಗಿಲಿಗೆ ಬಂದು ಬಾಯಲ್ಲೇ ಹಾರನ್ ಹೊಡೆದು, "ಜಲ್ದಿ ಮಾಡಲೇ, ಹಿಂದ ಹತ್ತು ಗಾಡಿ ನಿಂತಾವ" ಎಂದು ಬೈದಳು. ಭಾನುವಾರ ಸಂಜೆಯ ಹೊತ್ತಿಗೆ ಸಂಡೂರಾಕಿಯ ಕೈ ತಡವರಿಸುವುದು ನಿಂತಿತ್ತು.

ಸೋಮವಾರ ಅವಳ ಜೊತೆ ನಾನೂ ಹೋದೆ. ಮ್ಯಾನೇಜರ್ ಕುರ್ಚಿ ತೋರಿಸಿ ಹಿಂದೆ ಕೈಕಟ್ಟಿ ನಿಂತ. ನಾನು ಬಗ್ಗಿ ಪರದೆ ನೋಡಿದೆ. ನಾವು ಅಭ್ಯಾಸ ಮಾಡಿದ್ದಕ್ಕಿಂತ ಹೊಸ ಸಾಫ್ಟ್‌ವೇರ್, ನಂಬರು, ತೂಕ ತುಂಬುವ ಮನೆಗಳ ಜಾಗವೆಲ್ಲ ಬೇರೆ. ಮೊದಲ ಲಾರಿ ಹಾಸಿನ ಮೇಲೆ ಬಂದು ನಿಂತಿತ್ತು. ಬಾಯಿ ಹಾಕಲು ಹೊರಟ ನನ್ನನ್ನು ಮ್ಯಾನೇಜರ್ ಕಣ್ಣಲ್ಲೇ ತಡೆದ. ಅವಳು ಕೀಲಿ ಮುಟ್ಟದೆ, ಮೇಲಿಂದ ಕೆಳಗಿನವರೆಗೆ ಒಂದೊಂದೇ ಸಾಲು ತುಟಿ ಅಲ್ಲಾಡಿಸುತ್ತ ಓದಿದಳು. ಲಾರಿ ಹಾರನ್ ಹೊಡೆಯಿತು. ಅವಳು ತಲೆ ಎತ್ತಲಿಲ್ಲ. ಪೂರ್ತಿ ಓದಿದ ಮೇಲೆ ಶುರು ಮಾಡಿದಳು. ಮೊದಲ ಚೀಟಿಗೆ ಹೊತ್ತು ಹಿಡಿಯಿತು, ಎರಡನೆಯದಕ್ಕೆ ಕಡಿಮೆ, ಆಮೇಲೆ ನಾನು ನೋಡುವುದನ್ನು ಬಿಟ್ಟೆ. ಬಿಸಿಲೇರುವ ಹೊತ್ತಿಗೆ ಮ್ಯಾನೇಜರ್, "ನಾ ಚಾ ಕುಡ್ದು ಬರ್ತೀನಿ, ನೋಡ್ಕೋ" ಎಂದು ಅವಳಿಗೆ ಕಾಟಾ ಬಿಟ್ಟು ಎದ್ದುಹೋದ. ಬಾಗಿಲಲ್ಲಿ ತಿರುಗಿ, "ನಾಳಿಗಿ ಎಂಟಕ್ಕ ಬಂದ್ಬಿಡು" ಎಂದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ನಾಚಿಕೆಯೇನಿಲ್ಲ.

ಆಮೇಲೆ ಬಂದ ಟಿಪ್ಪರ್ ಅವಳ ಗಂಡನದು. ಕಿಟಕಿಯೊಳಗೆ ಕೂತವಳನ್ನು ನೋಡಿ ನಗುತ್ತಲೇ ಬಂದ, ಗಾಡಿಯನ್ನು ಅರ್ಧಂಬರ್ಧ ನಿಲ್ಲಿಸಿದ. ಸಂಡೂರಾಕಿ ಲಾರಿಯವರಿಗೆ ಕೇಳಿಸಲೆಂದು ಮೇಜಿನ ಮೇಲಿಟ್ಟಿದ್ದ ಮೈಕನ್ನು ಹತ್ತಿರ ಎಳೆದುಕೊಂಡಳು.

"ಹಿಂದಿನ ಗಾಲಿ ಹೊರಗ ಐತ್ರಿ. ಮುಂದ ತಗೊಂಡು ಸರಿಯಾಗಿ ನಿಲ್ಸ್ರಿ."

ಮುಂದೆ ತೆಗೆದುಕೊಂಡ.

"ಡ್ರೈವರ್ ಹೆಸರು ಹೇಳ್ರಿ."

ಟಿಪ್ಪರ್‌ನಿಂದ ತಲೆ ಹೊರಗೆ ಹಾಕಿ, "ನನ್ನ ಹೆಸ್ರು ನಿನಗ ಗೊತ್ತಿಲ್ಲೇನು?" ಎಂದ. ಹಿಂದಿನ ಲಾರಿಗಳವರು ಕತ್ತು ಚಾಚಿ ಕೇಳುತ್ತಿದ್ದರು. ಆ ಕಡೆ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಇವಳೂ ಒಮ್ಮೆಯೂ ಹೇಳಿದವಳಲ್ಲ.

"ಗೊತ್ತೈತ್ರಿ. ನಾ ಹೇಳಂಗಿಲ್ಲ. ನೀವ ಹೇಳ್ರಿ, ಬರ್ಕೊಂತೀನಿ."

ನಗುತ್ತಿದ್ದವನ ನಗು ಒಂದು ಕ್ಷಣ ಎಲ್ಲಿಗೋ ಹೋಯಿತು. ಆಮೇಲೆ ಅಟೆಂಡೆನ್ಸ್ ಕೂಗಿದಾಗ ಎದ್ದು ನಿಲ್ಲುವವನಂತೆ, ತನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಗಟ್ಟಿಯಾಗಿ ಹೇಳಿದ. ಅವಳು ಒಂದೊಂದೇ ಅಕ್ಷರ ಒತ್ತಿದಳು. ಮುಖ ಕೆಂಪಾಗಿತ್ತು, ಕೈ ಮಾತ್ರ ತಪ್ಪಲಿಲ್ಲ. ಚೀಟಿ ಬಂತು. ಅವನು ಇಳಿದು ಬಂದು ಕಿಟಕಿಯಲ್ಲಿ ಚೀಟಿ ಇಸಿದುಕೊಂಡು, ಅಲ್ಲಿ ಅಚ್ಚಾದ ತನ್ನ ಹೆಸರನ್ನೇ ಓದುತ್ತ ನಿಂತುಬಿಟ್ಟ.

"ಮುಂದ ಹೋಗ್ರಿ" ಎಂದಳು ಸಂಡೂರಾಕಿ ಮೈಕಿನಲ್ಲಿ. "ಹಿಂದ ಗಾಡಿ ನಿಂತಾವ."