ಅಕ್ಕೋರಿಗೆ ತೆರೆಯದ ಲಾಗಿನ್

ಖಾನಾಪುರದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗ್ರಂಥಾಲಯ ನಡೆಸುತ್ತಾರೆ. ಎಡಕ್ಕೆ ಕನ್ನಡದ ಕಪಾಟು, ಬಲಕ್ಕೆ ಮರಾಠಿಯದು. ಊರವರಿಗೆಲ್ಲ ಅವರು ಅಕ್ಕೋರು. ಸುತ್ತಲಿನ ಹಳ್ಳಿಗಳಿಂದ ಬರುವ ಓದುಗರು ಬರಿಗೈಯಲ್ಲಿ ಹಿಂದಿರುಗಬಾರದು, ಬೇಕಾದ ಪುಸ್ತಕವನ್ನು ಫೋನಿನಲ್ಲೇ ಕಾಯ್ದಿರಿಸಿ ಬರಬೇಕು ಎಂಬುದು ಅವರ ಆಸೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟವಳು ನಾನು. ಹಿಂದವಾಡಿಯ ನಮ್ಮ ಮನೆಯ ಊಟದ ಮೇಜೇ ನನ್ನ ಆಫೀಸು.

ಓದುಗರಿಗೆ ಇನ್ನೊಂದು ಪಾಸ್‌ವರ್ಡ್ ನೆನಪಿಡುವ ಕಷ್ಟ ಬೇಡವೆಂದು, ಅವರವರ ಇಮೇಲ್ ಖಾತೆಯಿಂದಲೇ ಒಳಗೆ ಬರುವ ಬಟನ್ ಇಟ್ಟಿದ್ದೆ. ಒತ್ತಿದರೆ ನಮ್ಮ ಸೈಟು ಬ್ರೌಸರಿನಲ್ಲಿ ಒಂದು ಗುರುತು ಬಿಡುತ್ತದೆ, ಆಮೇಲೆ ಇಮೇಲ್ ಕಂಪನಿಯ ಪುಟ ಬರುತ್ತದೆ. ಆ ಕಂಪನಿ 'ಇವರು ಇಂಥವರೇ' ಎಂದು ಖಾತ್ರಿ ಮಾಡಿ ನಮ್ಮ ಸೈಟಿಗೆ ವಾಪಸು ಕಳಿಸುತ್ತದೆ. ಇಂಥ ಕೆಲಸದಲ್ಲಿ ಪಳಗಿದ ಕೈ ನನ್ನದು.

ಸೈಟು ಶುರುವಾದ ಮರುದಿನವೇ ಅಕ್ಕೋರ ಫೋನು. "ಒಬ್ಬರಿಗೂ ಒಳಗ ಹೋಗಾಕ ಬರವಲ್ದರೀ. ಖಾತೆ ಆರಿಸತೇವಿ, ತಿರುಗಿ ಮೊದಲಿನ ಪುಟಕ್ಕ ಬಂದು ನಿಂದರತೈತಿ."

ನಾನು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ತೆರೆಯಿತು, ಫೋನಿನಲ್ಲೂ ತೆರೆಯಿತು. ವಡಗಾವಿಯ ಅತ್ತೆಯ ಮನೆಗೆ ಹೋದಾಗ ಅವರ ಫೋನು ಇಸಿದುಕೊಂಡು ಅದರಲ್ಲೂ ತೆರೆದೆ. ಸರ್ವರಿನ ದಾಖಲೆಯಲ್ಲಿ ಮಾತ್ರ ಒಂದೇ ತಪ್ಪು ಸಾಲುಗಟ್ಟಿತ್ತು: ಇಮೇಲ್ ಪುಟಕ್ಕೆ ಹೋದವರ ಗುರುತು, ಅಲ್ಲಿಂದ ವಾಪಸು ಬಂದವರ ಗುರುತಿಗೆ ಹೊಂದುತ್ತಿಲ್ಲ. ಖಾನಾಪುರದವರ ಬ್ರೌಸರಿನಲ್ಲೇ ಏನೋ ದೋಷ ಅಂದುಕೊಂಡೆ. ಅಕ್ಕೋರು ಮೂರನೆಯ ಸಲ ಫೋನ್ ಮಾಡಿದಾಗ, "ನನ್ನ ಕಡೆ ಎಲ್ಲಾ ಬರೋಬ್ಬರಿ ಐತ್ರೀ. ನಿಮ್ಮವರು ಪಾಸ್‌ವರ್ಡ್ ತಪ್ಪ ಹೊಡಿತಿರಬೇಕು" ಎಂದುಬಿಟ್ಟೆ.



"ಜೀವಮಾನ ಎಲ್ಲಾ ಮಕ್ಕಳ ತಪ್ಪು ತಿದ್ದೇನ್ರೀ ನಾನು. ನನ್ನ ಪಾಸ್‌ವರ್ಡ್ ನನಗ ಬರೂದಿಲ್ಲೇನು?" ಎಂದು ಫೋನ್ ಇಟ್ಟರು.

ನನಗೆ ನಾಚಿಕೆಯಾಯಿತು. ತಪ್ಪು ಎಲ್ಲಿದೆಯೋ ಗೊತ್ತಿರಲಿಲ್ಲ. ಹುಡುಕಿಯೇ ತೀರುತ್ತೇನೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಮರುದಿನ ಬೆಳಿಗ್ಗೆ ಖಾನಾಪುರದ ಬಸ್ ಹತ್ತಿದೆ.

"ಬರ್ರಿ, ಕುಂದರ್ರಿ" ಎಂದರು ಅಕ್ಕೋರು. ನಗಲಿಲ್ಲ.

"ನಾ ಹಂಗ ಅನ್ನಬಾರದಿತ್ತರೀ ಅಕ್ಕೋರ, ತಪ್ಪಾತು" ಎಂದೆ. ಆಮೇಲೆ, "ನೀವು ದಿನಾ ಹೆಂಗ ತೆಗೀತೀರಿ, ಹಂಗ ತೆಗೀರಿ. ನಾ ಕೈ ಹಚ್ಚೂದಿಲ್ಲ" ಎಂದು ಪಕ್ಕದಲ್ಲಿ ಕೂತೆ.

ಅವರು ಕನ್ನಡಕ ಏರಿಸಿಕೊಂಡು, ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದ ಚೀಟಿ ನೋಡುತ್ತ, ಒಂದೇ ಬೆರಳಿನಲ್ಲಿ ವಿಳಾಸ ಹೊಡೆಯತೊಡಗಿದರು. ಒಂದು ಡಬ್ಲ್ಯೂ. ಇನ್ನೊಂದು ಡಬ್ಲ್ಯೂ. ಮತ್ತೊಂದು.

"ಸಿಕ್ಕತ್ರೀ!" ಎಂದು ಕೂಗಿದೆ.

ನಾನೆಂದೂ ಆ ಮೂರು ಡಬ್ಲ್ಯೂ ಹೊಡೆದವಳಲ್ಲ. ಅಕ್ಕೋರು ಓದುಗರಿಗೆ ಹಂಚಿದ್ದ ಚೀಟಿಗಳಲ್ಲೆಲ್ಲ ಅವು ಇದ್ದವು. ಸೈಟೇನೋ ಎರಡೂ ವಿಳಾಸಕ್ಕೆ ತೆರೆಯುತ್ತಿತ್ತು, ಆದರೆ ಬ್ರೌಸರಿನ ಲೆಕ್ಕದಲ್ಲಿ ಅವು ಬೇರೆ ಬೇರೆ. ಡಬ್ಲ್ಯೂ ಇರುವ ವಿಳಾಸದಲ್ಲಿ ಗುರುತು ಬಿಟ್ಟು ಹೊರಟವರನ್ನು ಇಮೇಲ್ ಕಂಪನಿ ಡಬ್ಲ್ಯೂ ಇಲ್ಲದ ವಿಳಾಸಕ್ಕೆ ಕಳಿಸುತ್ತಿತ್ತು. ಹಾಗೆ ಕಳಿಸಿರೆಂದು ಬರೆದುಕೊಟ್ಟವಳು ನಾನೇ. ಅಲ್ಲಿ ಅವರ ಗುರುತು ಎಲ್ಲಿಂದ ಸಿಗಬೇಕು?

"ತಪ್ಪು ನಂದರೀ" ಎಂದು ಬಿಡಿಸಿ ಹೇಳಿದೆ. ಅಕ್ಕೋರು ಕ್ಷಣ ಯೋಚಿಸಿದರು. "ಅಂದ್ರ ಚಪ್ಪಲಿ ಬಿಟ್ಟಿದ್ದು ಮುಂದಿನ ಬಾಗಲಕ್ಕ, ಹುಡುಕಿದ್ದು ಹಿತ್ತಲ ಬಾಗಲಕ್ಕ!"

ಇಷ್ಟು ಚೆನ್ನಾಗಿ ನಾನೂ ಹೇಳಲಾರೆ. ಡಬ್ಲ್ಯೂ ಹೊಡೆದು ಬಂದವರನ್ನು ಬಟನ್ ಒತ್ತುವ ಮೊದಲೇ ಸರಿಯಾದ ವಿಳಾಸಕ್ಕೆ ದಾಟಿಸುವ ಎರಡು ಸಾಲು ಅಲ್ಲೇ ಬರೆದು ಸೈಟಿಗೆ ಏರಿಸಿದೆ. "ಈಗ ಹೊಡೀರಿ, ಚೀಟಿ ನೋಡೇ ಹೊಡೀರಿ." ಹೊಡೆದರು, ಖಾತೆ ಆರಿಸಿದರು. ಪರದೆಯ ಮೇಲೆ ಅವರ ಹೆಸರು ಮೂಡಿತು.

ಅಷ್ಟಕ್ಕೇ ಅವರು ಒಪ್ಪಲಿಲ್ಲ. ಪುಸ್ತಕ ಮರಳಿಸಲು ಬಂದಿದ್ದ ಹೆಂಗಸೊಬ್ಬರಿಗೆ ಮರಾಠಿಯಲ್ಲಿ ಏನೋ ಹೇಳಿ, ಅವರ ಫೋನಿನಲ್ಲೂ ತೆರೆಸಿದರು. ಆಯಿತಲ್ಲ ಎಂಬ ಹಿಗ್ಗಿನಲ್ಲಿ "ಝಾಲಂ ಕೀ!" ಎಂದು ಆ ಹೆಂಗಸು ಫೋನನ್ನು ನಮ್ಮತ್ತ ತಿರುಗಿಸಿದಾಗ ಅಕ್ಕೋರು ಮೊದಲ ಸಲ ನಕ್ಕರು.

"ಆತ ನೋಡ ತಂಗಿ. ಇನ್ನ ಚಹಾ ಕುಡಿ" ಎಂದರು. "ಆಮ್ಯಾಲ ಆ ಬಟನಿನ ಮ್ಯಾಲ ಕನ್ನಡದ ಬಾಜೂಕ ಮರಾಠಿನೂ ಹಾಕು. ಅರ್ಧ ಮಂದಿ ಓದೂದ ಅದನ್ನ."

ಅದನ್ನೂ ಮುಗಿಸಿದೆ. ಮಧ್ಯಾಹ್ನದ ಬಸ್ಸಿನವರೆಗೆ ಕೈಕಟ್ಟಿ ಕೂತು, ಬಂದವರೆಲ್ಲ ಸೈಟನ್ನು ಹೇಗೆ ತೆರೆಯುತ್ತಾರೆಂದು ನೋಡಿದೆ. ತಿದ್ದಬೇಕಾದ ಇನ್ನೆರಡು ಸಂಗತಿ ಕಣ್ಣಿಗೆ ಬಿದ್ದವು.