ಹಳೆಯ ಕಂಟೇನರ್ ತೆಗೆಯುವ ಮುನ್ನ

ಬಾಲಾನಗರದ ಒಂದು ಕಾರ್ಖಾನೆಯವರು ಆರ್ಡರು ತೆಗೆದುಕೊಳ್ಳುವ ವೆಬ್‌ಸೈಟನ್ನು ಕಂಟೇನರಿನಲ್ಲಿ, ಅಂದರೆ ಅದಕ್ಕೆ ಬೇಕಾದ ಸಾಫ್ಟ್‌ವೇರೆಲ್ಲ ಕಂಪ್ಯೂಟರಿನೊಳಗೆ ಒಂದೇ ಡಬ್ಬಿಯಂತೆ ತುಂಬಿ, ನಡೆಸುತ್ತಿದ್ದರು. ಅದರ ಹೊಸ ಆವೃತ್ತಿ ಏರಿಸಲು ನನ್ನನ್ನು ಕರೆದಿದ್ದರು. ಹೊರಗೆ ಲಾರಿಗಳು ಕಾಯುತ್ತಿದ್ದವು. ಸೈಟು ತೆರೆಯದೆ ಮಾಲು ಏರುವಂತಿರಲಿಲ್ಲ. ನಾನು ದೇವರನ್ನು ನೆನೆದು, ಕಪ್ಪು ಪರದೆಯ ಮೇಲೆ ಹಳೆಯ ಕಂಟೇನರನ್ನು ಅಳಿಸುವ ಆಜ್ಞೆ ಬರೆದೆ. ಇನ್ನೇನು ಎಂಟರ್ ಒತ್ತಬೇಕು, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಕಲಬುರಗಿಯ ಸುಜಾತಾ ಕೀಬೋರ್ಡನ್ನೇ ಎಳೆದುಕೊಂಡಳು.

“ನಿಲ್ರಿ ಸರ್! ಆರ್ಡರೆಲ್ಲಾ ಅದರೊಳಗ ಅದಾವ. ಅವು ಹೋದ್ರ ಯಾವ ಮಾಲು ಯಾರಿಗಂತ ಯಾರನ್ನ ಕೇಳೋದ್ರಿ?”

ಬರೆದ ಆಜ್ಞೆಯನ್ನು ಒರೆಸಿದೆ. ಮೊದಲು ಆರ್ಡರುಗಳನ್ನು ಹೊರಗೆ ನಕಲು ಮಾಡಿಕೊಂಡೆವು. ಆಮೇಲೆ ಹಳೆಯದನ್ನು ಅಳಿಸಿ, ಅವನ್ನು ಹೊಸ ಕಂಟೇನರಿಗೆ ಜೋಡಿಸಿ ಚಾಲೂ ಮಾಡಿದೆ. ಪುಟ ತೆರೆಯಿತು, ಆರ್ಡರುಗಳೆಲ್ಲ ಇದ್ದವು.

“ಅಷ್ಟ್ಯಾಕ ಅವಸರ ಮಾಡಿದ್ರಿ?” ಎಂದಳು.

“ಮನ್ಯಾಗ ಪೂಜಿ ಮಾಡುವಾಗ ನಿನ್ನಿ ಹೂವು ತೆಗೆದ ಮ್ಯಾಲೇ ಹೊಸದು ಏರಸ್ತೀವಲ್ಲವ್ವಾ, ಕೈಗೆ ಅದೇ ರೂಢಿ,” ಎಂದೆ.

“ಹೂವಿನ ಜೋಡಿ ದೇವರನ್ನೂ ಬುಟ್ಟಿಗೆ ಹಾಕ್ತೀರೇನ್ರಿ?”

ಈಗ ನಿತ್ಯ ಪೂಜೆಯಲ್ಲಿ ಹೂ ತೆಗೆಯುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಅದು ಧ್ಯಾನವೆಂದು ಮನೆಯವಳು ತಿಳಿದಿದ್ದಾಳೆ. ನಾನೂ ಬಿಡಿಸಿ ಹೇಳಿಲ್ಲ.